ಇರುವ ಊರು, ನಮ್ಮ ಊರು

ಇಂಗ್ಲಿಷ್ ಕಲಿಸುವ ಕೈಪಿಡಿಗಳನ್ನು ತೆರೆದು ನೋಡಿದವರಿಗೆ ಒಂದು ಸಂಗತಿ ಹೊಳೆಯದಿರದು: ಅವುಗಳ ಕರ್ತೃಗಳಿಗೆ ಭಾಷೆಗಿಂತ ಗಣಿತದ ಮೇಲೆ ನಂಬಿಕೆ ಹೆಚ್ಚು. ಎಡಕ್ಕೊಂದು ಇಂಗ್ಲಿಷ್ ಮಾತು, ಬಲಕ್ಕೊಂದು ಕನ್ನಡ ಮಾತು, ನಡುವೆ ಸಮಚಿಹ್ನೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗಳ ಮಕ್ಕಳು ಓದುವುದೂ ಬೆಂಗಳೂರಿನ ಮಕ್ಕಳು ಓದುವುದೂ ಒಂದೇ ಜಾತಿಯ ಕೈಪಿಡಿ. ‘ಶೇಡ್’ ಎಂದರೆ ನೆರಳು. ‘ಶ್ಯಾಡೊ’ ಎಂದರೂ ನೆರಳು. ಹಾಗಾದರೆ ಎರಡೂ ಒಂದೇ ಎಂದು ಬಾಲಕನು ತೀರ್ಮಾನಿಸಿದರೆ ಅವನ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ವೈಶಾಖದ ಮಧ್ಯಾಹ್ನ ಅಫಜಲಪುರದ ದಾರಿಯಲ್ಲಿ ಬಟ್ಟಬಯಲಿನಲ್ಲಿ ಬಸ್ಸಿಗೆ ಕಾದು ನಿಂತವನನ್ನು ನೋಡಿ. ಅವನ ಶ್ಯಾಡೊ ಅವನ ಕಾಲಬುಡದಲ್ಲೇ ಬಿದ್ದಿರುತ್ತದೆ. ಶೇಡ್ ಮಾತ್ರ ಸಿಕ್ಕಿರುವುದಿಲ್ಲ. ಒಂದು, ಬೆಳಕನ್ನು ತಡೆದ ವಸ್ತುವಿನ ಆಕೃತಿ. ಇನ್ನೊಂದು, ಬಿಸಿಲು ತಾಗದ ತಂಪು ತಾಣ.

ಇದು ಪರೀಕ್ಷೆಯ ಎರಡು ಅಂಕಗಳ ಪ್ರಶ್ನೆಯಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಸಮಚಿಹ್ನೆ ನಮ್ಮ ಬರವಣಿಗೆಯೊಳಕ್ಕೂ ಬಂದು ಕುಳಿತಿದೆ. ಕನ್ನಡದಲ್ಲಿ ನೆರಳು ಬಹುಮಟ್ಟಿಗೆ ಆಸರೆಯ ಮಾತು. ಹಿರಿಯರ ನೆರಳಿನಲ್ಲಿ ಬಾಳಿದೆವು ಎನ್ನುತ್ತೇವೆ. ಇಂಗ್ಲಿಷಿನ ಶ್ಯಾಡೊ ಹಲವು ವೇಳೆ ಭಯ, ಸಂಶಯಗಳ ಸಂಗಾತಿ. ‘ಯುದ್ಧದ ನೆರಳು’ ಎಂದು ಅನುವಾದಿಸಿದಾಗ ಓದುಗನಿಗೆ ಸಾಕಷ್ಟು ಅಂಜಿಕೆ ಹುಟ್ಟಲಿಲ್ಲವೇನೋ, ‘ಕರಿನೆರಳು’ ಎಂದು ಬರೆಯತೊಡಗಿದೆವು. ನೆರಳಿಗೆ ಕಪ್ಪು ಬಳಿಯಬೇಕಾಗಿ ಬಂದುದೇ ಅನುವಾದ ಸೋತುದಕ್ಕೆ ಸಾಕ್ಷಿಯಲ್ಲವೇ? ‘ಯುದ್ಧದ ಭೀತಿ’ ಎಂದಿದ್ದರೆ ಬಣ್ಣದ ಖರ್ಚು ಉಳಿಯುತ್ತಿತ್ತು.

ಇಂಥದನ್ನು ಕಂಡು, ಕನ್ನಡಕ್ಕೆ ಅಷ್ಟು ಸೂಕ್ಷ್ಮತೆ ಇಲ್ಲವೆಂದು ನಿಟ್ಟುಸಿರು ಬಿಡುವವರುಂಟು. ಅವರು ಒಮ್ಮೆ ಆಳಂದದ ರೈತನ ಮಾತಿಗೆ ಕಿವಿಗೊಡಬೇಕು. ಆತ ಉಳುವುದು ಹೊಲ, ಮಾರುವುದು ಜಮೀನು, ಕೈಮುಗಿಯುವುದು ಭೂಮಿತಾಯಿಗೆ. ಎಳ್ಳಮಾವಾಸ್ಯೆಯಂದು ಚರಗ ಚೆಲ್ಲುವುದು ಹೊಲದಲ್ಲಿ. ಜಮೀನಿನಲ್ಲಿ ಚೆಲ್ಲಿ ಬಂದೆನೆಂದು ಆತ ಹೇಳಲಾರ. ನೆರೆಹೊಲದವನೊಡನೆ ಜಗಳವಾಡಿಯಾನು, ಪಹಣಿಯ ಮೇಲೆ ತಕರಾರು ಹಾಕಿಯಾನು. ಪಹಣಿಯ ಮೇಲೆ ಜಗಳ ಹಾಕಲಾರ. ‘ಫೀಲ್ಡ್’ ಬೇರೆ, ‘ಲ್ಯಾಂಡ್’ ಬೇರೆ, ‘ಅರ್ಥ್’ ಬೇರೆ. ‘ಕ್ವಾರೆಲ್’ ಬೇರೆ, ‘ಡಿಸ್‌ಪ್ಯೂಟ್’ ಬೇರೆ ಎಂಬುದನ್ನು ಆತನ ಮಗನಿಗೆ ಹೊಸದಾಗಿ ಕಲಿಸಬೇಕಿಲ್ಲ. ಅವನಲ್ಲಿ ಇರುವುದನ್ನು ಅವನಿಗೆ ತೋರಿಸಿಕೊಟ್ಟರೆ ಸಾಕು.

ಈ ಹೋಲಿಕೆ ಆಕಸ್ಮಿಕವಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿ ಜನರ ಮಾತಿನ ಪಕ್ಕದಲ್ಲಿ ಅರಸರ ಫ್ರೆಂಚ್ ಬಂದು ನಿಂತಿತು. ಪಂಡಿತರ ಲ್ಯಾಟಿನ್ ಸರಿಯೇ ಸರಿ. ಹೀಗೆ ಕೇಳುವ ಕ್ರಿಯೆಯೊಂದಕ್ಕೇ ‘ಆಸ್ಕ್’, ‘ಕ್ವೆಶ್ಚನ್’, ‘ಇಂಟರಾಗೇಟ್’ ಎಂಬ ಮೂರು ಮೆಟ್ಟಿಲುಗಳಾದವು; ಮನೆಯವರು ಮೊದಲನೆಯದರಲ್ಲೇ ನಿಲ್ಲುತ್ತಾರೆ, ಪೊಲೀಸರು ಮೂರನೆಯದನ್ನು ಏರುತ್ತಾರೆ. ಕಲಬುರಗಿ ಸೀಮೆಯಲ್ಲಿಯೂ 1347ರ ಬಹಮನಿ ರಾಜ್ಯದಿಂದ ಹಿಡಿದು 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯುವವರೆಗೆ ಪಾರಸಿ, ಉರ್ದು ಮಾತುಗಳು ಕಚೇರಿಯಿಂದ ಮನೆಯಂಗಳಕ್ಕೆ ಇಳಿದು ಬಂದವು. ಸಂಸ್ಕೃತವಂತೂ ಮೊದಲೇ ಇತ್ತು. ಇದೇ ಜಿಲ್ಲೆಯ ಮಳಖೇಡದಲ್ಲಿ ಆಳಿದ ರಾಷ್ಟ್ರಕೂಟರ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಎಲ್ಲಿ ಬೆರೆಸಬಹುದು, ಎಲ್ಲಿ ಬೆರೆಸಬಾರದು ಎಂದು ಚರ್ಚಿಸಿತು. ಮಾತಿನ ತೂಕ ನೋಡುವ ತಕ್ಕಡಿ ಈ ನೆಲಕ್ಕೆ ಹೊಸದಲ್ಲ.

ತಕ್ಕಡಿ ಕೈಜಾರಿದರೆ ನಷ್ಟವಾಗುವುದು ಸಾಹಿತ್ಯಕ್ಕೆ ಮಾತ್ರವೂ ಅಲ್ಲ. 2012ರ 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371 ಜೆ ವಿಧಿಯು ಈ ಭಾಗದವರಿಗೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿ ಕಲ್ಪಿಸಲು ಅವಕಾಶ ಕೊಟ್ಟಿತು. ಈ ಭಾಗದವರೆಂದರೆ ಯಾರು? ಜನನದಿಂದ, ಇಲ್ಲವೆ ‘ಡೊಮಿಸೈಲ್’ನಿಂದ ಇಲ್ಲಿಗೆ ಸೇರಿದವರು ಎನ್ನುತ್ತದೆ ವಿಧಿ, ‘ರೆಸಿಡೆನ್ಸ್’ ಎನ್ನುವುದಿಲ್ಲ. ಸಮಚಿಹ್ನೆಯ ಪಾಠದಲ್ಲಿ ಎರಡೂ ‘ವಾಸ’. ಕಾನೂನಿನ ಕಣ್ಣಿಗಾದರೋ ರೆಸಿಡೆನ್ಸ್ ಎಂದರೆ ಒಂದೆಡೆ ಇರುವುದು. ಡೊಮಿಸೈಲ್ ಎಂದರೆ ಅಲ್ಲಿಯೇ ನೆಲೆಸುವೆನೆಂಬ ಸಂಕಲ್ಪವೂ ಕೂಡಿದ ಇರವು. ಒಬ್ಬ ಹುಡುಗನ ಸೀಟು, ಒಬ್ಬ ಹುಡುಗಿಯ ನೌಕರಿ ಈ ಕೂದಲೆಳೆಯ ಮೇಲೆ ನಿಲ್ಲಬಹುದು.

ಬಹಳ ಗಹನವಾಯಿತೇ? ದುಡಿಯಲೆಂದು ಪುಣೆಗೆ ಹೋದ ಜೇವರ್ಗಿಯ ಕೂಲಿಗಾರನನ್ನು ಕೇಳಿ ನೋಡಿ. “ಇರೋದು ಪುಣೆದಾಗರೀ, ಊರು ಜೇವರ್ಗಿ” ಎಂದಾನು. ವಕೀಲರು ಪುಟಗಟ್ಟಲೆ ವಾದಿಸುವ ಭೇದದ ತಿರುಳು ಆ ಒಂದು ಉತ್ತರದಲ್ಲಿದೆ. ‘ಇರುವುದು’ ಎಂಬಲ್ಲಿ ವಾಸ್ತವ್ಯ. ‘ಊರು’ ಎಂಬಲ್ಲಿ ಮರಳುವ ಮನಸ್ಸು.

ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಈಗ ಕೇಂದ್ರೀಯ ವಿಶ್ವವಿದ್ಯಾಲಯವೇ ಇದೆ. ಅಂಥ ವಿದ್ಯಾಸಂಸ್ಥೆಗಳ ಮೆಟ್ಟಿಲೇರುವ ಈ ಕಡೆಯ ಮಕ್ಕಳು ತಮ್ಮ ಆಡುಮಾತು ಒರಟೆಂದು ನಾಚಿ, ಅದನ್ನು ಬಾಗಿಲಾಚೆ ಬಿಟ್ಟು ಒಳಗೆ ಹೋಗಬಾರದು. ಇಂಗ್ಲಿಷಿನ ನಯವನ್ನು ಅಳೆಯಲು ಅವರ ಬಳಿ ಇರುವ ಅಳತೆಗೋಲು ಅದೇ. ಗುರುಗಳು ‘ಇದರ ಅರ್ಥವೇನು?’ ಎಂದು ಕೇಳುವುದನ್ನು ಕೊಂಚ ಕಡಿಮೆ ಮಾಡಿ, ‘ಇದನ್ನು ಎಲ್ಲಿ ಹೇಳುತ್ತೀರಿ, ಎಲ್ಲಿ ಹೇಳುವುದಿಲ್ಲ?’ ಎಂದು ಕೇಳಲಿ. ಸಮಚಿಹ್ನೆಯ ಜಾಗದಲ್ಲಿ ಒಂದೊಂದು ವಾಕ್ಯವಿರುವ ಕೈಪಿಡಿಯೊಂದು ಬರಲಿ. ಅದಕ್ಕೆ ಬೇಕಾದ ವಾಕ್ಯಗಳು ಈ ಮೂರು ತಾಲ್ಲೂಕುಗಳ ಹೊಲ, ಸಂತೆ, ಕಚೇರಿಗಳಲ್ಲಿ ದಿನವೂ ಕೇಳಿಬರುತ್ತಿವೆ.