ತಂತಿಯ ಕಂಬಳಿಹುಳ

ನಿಪ್ಪಾಣಿ ಬೀಡಿ ತಂಬಾಕಿನ ಪೇಟೆ. ಬೀಡಿ ಸೇದಿದರೆ ಮುಗಿಯಿತು, ತಂಬಾಕಿನ ಪೈಪು ಹಾಗಲ್ಲ. ಅದರ ಕೊಳವೆಯಲ್ಲಿ ಜಿಗುಟು ಕಟ್ಟುತ್ತದೆ. ಅದನ್ನು ತೆಗೆಯಲೆಂದು 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ರಾಚೆಸ್ಟರ್ ನಗರದಲ್ಲಿ ಪೈಪ್ ಕ್ಲೀನರ್ ಹುಟ್ಟಿತು.

ಎರಡು ಸಣ್ಣ ತಂತಿಗಳ ನಡುವೆ ನೂಲಿನ ಎಳೆ ಇಟ್ಟು ಹೊಸೆದರೆ ಅದೇ ಪೈಪ್ ಕ್ಲೀನರ್. ಎಳೆಗಳು ಸುತ್ತಲೂ ನಿಮಿರಿ ನಿಲ್ಲುತ್ತವೆ. ಇಂಥ ನೂಲಿಗೆ ಫ್ರೆಂಚರು ‘ಶೆನಿಲ್’ ಅನ್ನುತ್ತಾರೆ. ಆ ಮಾತಿನ ಅರ್ಥ ಕಂಬಳಿಹುಳ. ತಂತಿ ಬಾಗಿಸಿದಂತೆ ಬಾಗಿ ನಿಲ್ಲುತ್ತದೆ, ಎಳೆ ಕೊಳೆ ಹಿಡಿಯುತ್ತದೆ. ಹೊಲಿಗೆ ಯಂತ್ರದ ಬಾಬಿನ್ ಕೆಳಗಿನ ನೂಲಿನ ಜುಂಗು, ಮಕ್ಕಳ ನೀರಿನ ಬಾಟಲಿಯ ಸ್ಟ್ರಾ, ಬೆರಳು ಹೋಗದ ಸಂದುಗೊಂದು ಎಲ್ಲಕ್ಕೂ ಇದು ಸೈ.

ಈಗ ಇದು ಬಣ್ಣಬಣ್ಣವಾಗಿ ಮಕ್ಕಳ ಕೈ ಸೇರಿದೆ. ಐದು ಕುಣಿಕೆ ಮಡಚಿ ಬುಡದಲ್ಲಿ ತಿರುಚಿ, ನಡುವೆ ಹಳದಿ ತುಂಡು ನಿಲ್ಲಿಸಿ. ಅಗೋ, ದಾಸವಾಳ! ಅಂಟು ಬೇಡ, ಕತ್ತರಿಯೂ ಹೆಚ್ಚು ಬೇಡ.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಗೆ ಈ ಜಾಣ್ಮೆ ಹೊಸದಲ್ಲ. ಜೋಳದ ದಂಟಿನ ಬೆಂಡಿಗೆ ಸಿಬಿರು ಚುಚ್ಚಿ ಬಂಡಿ ಕಟ್ಟಿದ, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಬೆರಳುಗಳಿವು. ಈ ಸಲ ಮಣ್ಣೆತ್ತಿನ ಕೊರಳಿಗೆ ಮಕ್ಕಳಿಂದ ಒಂದು ಕೆಂಪು ಪೈಪ್ ಕ್ಲೀನರ್ ಸುತ್ತಿಸಿ ನೋಡಿ. ತಂತಿಯ ತುದಿ ಮಾತ್ರ ಚೂಪು. ಅದನ್ನು ಒಳಕ್ಕೆ ಮಡಚಿಯೇ ಮಕ್ಕಳ ಕೈಗೆ ಕೊಡಿ.