ಪೊರೆ ಹೊತ್ತು ಹುಟ್ಟಿದ ಚಕ್ರವರ್ತಿ

ಹತ್ತು ತುಂಬುವ ಮೊದಲೇ ಸತ್ತ ಹುಡುಗನ ಚರಿತ್ರೆಯಲ್ಲಿ ಬರೆಯುವುದಕ್ಕೆ ಏನಿರುತ್ತದೆ? ಆಂಟೊನೈನಸ್ ಎಂದು ಹೆಸರಿಟ್ಟದ್ದು, ಒಂದಷ್ಟು ಶಕುನ, ಇಷ್ಟು ಬಿಟ್ಟರೆ ಏನೂ ಇಲ್ಲ ಎಂದು ರೋಮನ್ ಚಕ್ರವರ್ತಿಗಳ ಚರಿತ್ರೆಗಳ ಸಂಗ್ರಹವಾದ ‘ಹಿಸ್ಟೋರಿಯಾ ಆಗಸ್ಟಾ’ದ ಲೇಖಕನೇ ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಂಡೂ ಚಕ್ರವರ್ತಿ ಮ್ಯಾಕ್ರಿನಸ್‌ನ ಮಗ ಡಯಡ್ಯುಮೇನಿಯನ್‌ನ ಮೇಲೆ ಒಂದು ಇಡೀ ಅಧ್ಯಾಯ ಬರೆಯುತ್ತಾನೆ.

ಶಕುನಗಳ ಭಾಗ ಸೊಗಸಾಗಿದೆ. ಕೆಲವು ಕೂಸುಗಳು ತಲೆಯ ಮೇಲೆ ತೆಳು ಪೊರೆ ಹೊತ್ತು ಹುಟ್ಟುತ್ತವಲ್ಲ, ಅದನ್ನು ಸೂಲಗಿತ್ತಿಯರು ಎಗರಿಸಿ, ವಾದ ಗೆಲ್ಲಲು ಒಳ್ಳೆಯದೆಂದು ನಂಬುವ ವಕೀಲರಿಗೆ ಮಾರುತ್ತಿದ್ದರಂತೆ. ಈ ಕೂಸಿಗೆ ಇದ್ದದ್ದು ಟೊಪ್ಪಿಯಂಥ ಪೊರೆಯಲ್ಲ, ಕಿರೀಟದ ಪಟ್ಟಿಯಂಥದ್ದು. ಎಳೆದರೂ ಹರಿಯದಷ್ಟು ಗಟ್ಟಿ. ಹೆಸರಿನಲ್ಲಿ ಕೇಳಿಸುವ ‘ಡಯಡೆಮ್’ ಎಂಬ, ಕಿರೀಟದ ಪಟ್ಟಿ ಎಂದರ್ಥದ ಪದದಿಂದ ಕಥೆ ಹೆಣೆದಿರುವುದು ಸ್ಪಷ್ಟ. ಆದರೂ ಆ ವಕೀಲರಿಗಾಗಿ ನಾನು ಇದನ್ನು ಕ್ಷಮಿಸಿಬಿಡುತ್ತೇನೆ.

ಕ್ಷಮಿಸಲಾಗದ್ದು ಪತ್ರಗಳು. ದ್ರೋಹಿಗಳನ್ನು ಉಳಿಸಬೇಡಿ ಎಂದು ಹುಡುಗ ಅಪ್ಪನಿಗೂ ಅಮ್ಮನಿಗೂ ಬರೆದನೆಂದು ಲೇಖಕ ಎರಡು ಪತ್ರಗಳನ್ನೇ ಮುಂದಿಡುತ್ತಾನೆ. ಒಂಬತ್ತು ವರ್ಷದ ಬಾಯಲ್ಲಿ ಮುದಿ ಮಂತ್ರಿಯ ಮಾತು! ಈ ಚರಿತ್ರೆಗಳಿಗೆ ಆರು ಜನ ಲೇಖಕರ ಹೆಸರಿದ್ದರೂ ಬರೆದವನು ಬಹಳ ಕಾಲದ ನಂತರದ ಒಬ್ಬನೇ ಎಂದು ವಿದ್ವಾಂಸ ಹರ್ಮನ್ ಡೆಸೌ 1889ರಲ್ಲೇ ವಾದಿಸಿದ್ದ. ಅವನ ಈ ಕಟ್ಟುಕಥೆಯ ಆಟ ಪೊರೆಯಲ್ಲೇ ನಿಂತಿದ್ದರೆ ನಗಬಹುದಿತ್ತು. ಪತ್ರಗಳಲ್ಲಿ ಅದು ಸತ್ತ ಮಗುವಿನ ಮೇಲೆ ಹೊರಿಸಿದ ಅಪವಾದ.

ಇತಿಹಾಸಕಾರ ಕ್ಯಾಸಿಯಸ್ ಡಿಯೋ ಆ ಹುಡುಗನ ಕಾಲದವನೇ. ಅವನ ಬರಹದಲ್ಲಿ ಶಕುನಕ್ಕಿಂತ ಲೆಕ್ಕ ದೊಡ್ಡದು. 217ರಲ್ಲಿ ಚಕ್ರವರ್ತಿ ಕ್ಯಾರಕಲ್ಲಾನ ಕೊಲೆಯಾದ ಮೇಲೆ ಪಟ್ಟಕ್ಕೇರಿದ ಮ್ಯಾಕ್ರಿನಸ್ ಮಗನನ್ನು ಸೀಸರ್, ಎಂದರೆ ಉತ್ತರಾಧಿಕಾರಿ, ಮಾಡಿದ. ಮರುವರ್ಷ ಸಿರಿಯಾದಲ್ಲಿ ದಂಗೆಯೆದ್ದಾಗ ಅಪಾಮಿಯಾದಲ್ಲಿ ಅವನನ್ನೇ ಸಹಚಕ್ರವರ್ತಿಯೆಂದು ಸಾರಿ, ಆ ನೆಪದಲ್ಲಿ ಪ್ರತಿ ಸೈನಿಕನಿಗೆ 20,000 ಸೆಸ್ಟರ್ಸ್ ಕೊಡುವುದಾಗಿ ಹೇಳಿದ. ಮಗುವಿನ ಪಟ್ಟಾಭಿಷೇಕ ಎಂದರೆ ಇಷ್ಟೇ: ಲಂಚಕ್ಕೊಂದು ಹಬ್ಬದ ಹೆಸರು.

ಹಾಗೆ ಕೊಂಡ ಸೈನ್ಯ ಜೂನ್ 8ರಂದು ಆಂಟಿಯೋಕ್ ಬಳಿ ದಂಗೆಕೋರರ ಎದುರು ಸೋತಿತು. ಪಾರ್ಥಿಯಾದ ದೊರೆಯ ಬಳಿಗೆಂದು ಹೊರಟ ಹುಡುಗ ಯೂಫ್ರೆಟಿಸ್ ತೀರದ ಝುಗ್ಮಾದಲ್ಲಿ ಸಿಕ್ಕಿಬಿದ್ದ. ಸುದ್ದಿ ಕೇಳಿದ ಅಪ್ಪ, ಆಗಲೇ ಸೆರೆಯಾಗಿದ್ದವನು, ಗಾಡಿಯಿಂದ ಕೆಳಕ್ಕೆ ಹಾರಿ ಭುಜ ಮುರಿದುಕೊಂಡ. ಇಬ್ಬರನ್ನೂ ಕೊಂದರು.

ಹುಡುಗ ಸೀಸರ್ ಆಗಿದ್ದಾಗಿನ ಬೆಳ್ಳಿ ನಾಣ್ಯಗಳು ಈಗಲೂ ಸಿಗುತ್ತವೆ. ಒಂದು ಕಡೆ ಬರಿತಲೆಯ ಹುಡುಗನ ಮುಖ. ಇನ್ನೊಂದು ಕಡೆ ಸೈನ್ಯದ ಧ್ವಜ ಹಿಡಿದು ನಿಂತಿದ್ದಾನೆ, ಪಕ್ಕದಲ್ಲಿ ಇನ್ನೆರಡು ಧ್ವಜ ನೆಟ್ಟಿವೆ.