ಮೆಣಸಿಗೂ ಅಮಲೇರುವ ಊರು

ಮಡಿಕೇರಿಯ ಅಂಗಡಿಗಳಲ್ಲಿ ಜೇನು, ಕಾಳುಮೆಣಸು, ಕಾಚಂಪುಳಿಯ ಜೊತೆಗೇ ಮನೆ ವೈನಿನ ಬಾಟಲಿಗಳೂ ಸಾಲಾಗಿ ನಿಂತಿರುತ್ತವೆ. ದ್ರಾಕ್ಷಿಯದು ಇದ್ದೇ ಇದೆ. ನೆಲ್ಲಿಕಾಯಿ, ಶುಂಠಿ, ಪ್ಯಾಶನ್ ಫ್ರೂಟ್, ವೀಳ್ಯದೆಲೆ, ಕಡೆಗೆ ಗಾಂಧಾರಿ ಮೆಣಸಿನದೂ!

ಮನೆಯಲ್ಲಿ ಬಿಯರ್ ಮಾಡುವವರು ಕಿಟ್ ತರಿಸುತ್ತಾರೆ: ಮಾಲ್ಟ್ ಪಾಕ, ಯೀಸ್ಟ್ ಪೊಟ್ಟಣ, ಅನಿಲ ಹೊರಬಿಟ್ಟು ಗಾಳಿ ಒಳಬಿಡದ ಮುಚ್ಚಳ. ವೈನಿಗೆ ಅಷ್ಟು ಸರಂಜಾಮು ಬೇಡ. ಭರಣಿ, ಸಕ್ಕರೆ, ಯೀಸ್ಟು, ಹಿಡಿ ಗೋಧಿ, ಬಾಯಿಗೆ ಕಟ್ಟಲು ಬಟ್ಟೆ ಸಾಕು. ಸಕ್ಕರೆ ತಿಂದ ಯೀಸ್ಟು ಮದ್ಯದ ಜೊತೆ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಅದಕ್ಕೆ ದಾರಿ ಬಿಡದಿದ್ದರೆ ಗಾಜಿನ ಬಾಟಲಿಯೂ ಸಿಡಿದೀತು. ಮಳೆಗಾಲದ ಚಳಿಗೆ ಹುದುಗು ನಿಧಾನ. ಅವಸರಪಟ್ಟು ಪ್ರಯೋಜನವಿಲ್ಲ.

ನನ್ನ ಆಯ್ಕೆ ಮೆಣಸಿನದೇ. ಗಾಂಧಾರಿಯಲ್ಲಿ ಯೀಸ್ಟಿನ ಹೊಟ್ಟೆ ತುಂಬುವಷ್ಟು ಸಿಹಿ ಎಲ್ಲಿಂದ ಬರಬೇಕು? ಹುದುಗುವುದು ಬಹುಪಾಲು ನಾವು ಸುರಿದ ಸಕ್ಕರೆಯೇ. ಆದರೆ ಖಾರದ ಮೂಲವಾದ ಕ್ಯಾಪ್ಸೈಸಿನ್ ನೀರಿಗಿಂತ ಮದ್ಯದಲ್ಲಿ ಚೆನ್ನಾಗಿ ಕರಗುತ್ತದೆ. ಭರಣಿ ಹಳತಾದಂತೆ ಮೆಣಸು ತನ್ನ ಗುಣ ಬಿಟ್ಟುಕೊಡುತ್ತದೆ. ನಾಲಿಗೆಗೆ ಮೊದಲು ಸಿಹಿ, ನುಂಗಿದ ಮೇಲೆ ಗಂಟಲಲ್ಲಿ ಉರಿ. ಪ್ರವಾಸಿಗರನ್ನು ಮರುಳು ಮಾಡುವ ತಮಾಷೆ ಎಂದು ಮೂಗು ಮುರಿಯುವವರಿದ್ದಾರೆ. ಅವರು ಪಂದಿಕರಿಯ ಜೊತೆ ಕುಡಿದಿರಲಿಕ್ಕಿಲ್ಲ.